ಮೂರು ಸಾಲು ಕಡಲೆ

ಎತ್ತು ನಮ್ಮವು, ಬಿತ್ತುವ ಕೂರಿಗೆ ನಮ್ಮದು, ನಾಲ್ಕೆಕರೆ ಎರೆಹೊಲವೂ ನಮ್ಮದೇ. ಆದರೂ ಅಪ್ಪ ತೀರಿಕೊಂಡ ಮೇಲೆ ತಿರ್ಲಾಪುರದಲ್ಲಿ ಎಲ್ಲರಿಗಿಂತ ಕಡೆಗೆ ಬಿತ್ತನೆಯಾಗುವುದು ನಮ್ಮ ಹೊಲ. ಕೂರಿಗೆಯನ್ನು ಗಂಡಸೇ ಹೊಡೆಯಬೇಕಂತೆ. ಮನೆಯಲ್ಲಿರುವವರು ಅವ್ವ ಮೈಲಾರವ್ವ, ಮತ್ತೆ ನಾನು, ಶಿವಗಂಗಾ. ಹಾಗಾಗಿ ಅಪ್ಪನ ತಮ್ಮ ಗುಡದಪ್ಪ ಕಾಕಾ ನಮ್ಮ ಎತ್ತು ಬಿಚ್ಚಿಕೊಂಡು ಹೋಗಿ ಮೊದಲು ತನ್ನ ಹೊಲ ಬಿತ್ತುತ್ತಾನೆ. ಅಲ್ಲಿ ಕೂರಿಗೆಗೆ ಕಾಳು ಬಿಡಲು ಅವ್ವ ಹೋಗುತ್ತಾಳೆ, ಕೂಲಿಯಿಲ್ಲದೆ. ನಮ್ಮ ಪಾಳಿ ಬರುವಷ್ಟರಲ್ಲಿ ಮಣ್ಣಿನ ಹಸಿ ಆರಿರುತ್ತದೆ. ಊರವರು ಇದಕ್ಕೆ ನಮ್ಮ ನಸೀಬು ಅನ್ನುತ್ತಾರೆ. ನಸೀಬಂತೆ, ಸುಡುಗಾಡು.

ಆ ವರ್ಷ ನಾನು ಹತ್ತನೇ ಇಯತ್ತೆಯಲ್ಲಿ ಕಲಿಯುತ್ತಿದ್ದೆ. ಹಿಂಗಾರಿ ಮಳೆ ಚಲೋ ಬಿದ್ದಿತ್ತು. ಕಡಲೆ ಬಂದರೆ ಮುಂದೆ ನವಲಗುಂದದ ಕಾಲೇಜು, ಬರದಿದ್ದರೆ ಅವ್ವನ ಜೊತೆ ಕೂಲಿ ಎಂದು ಮಾತಾಗಿತ್ತು.

ಹೊಲ ಹದಕ್ಕೆ ಬಂದ ದಿನ ಕಾಕಾ ಬರುವ ಮುಂಚೆಯೇ ಎದ್ದು ಎತ್ತು ಹೂಡಿದೆ. ದಿನಾ ಮೇವು ಹಾಕುವವಳು ನಾನೇ, ಅವು ತಕರಾರು ಮಾಡಲಿಲ್ಲ. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಿಂದ ಕೂರಿಗೆಯ ಬಟ್ಟಲಿಗೆ ಕಾಳು. ಬದುವಿನ ಪಕ್ಕ ಈ ತುದಿಯಿಂದ ಆ ತುದಿಗೆ ಹೋದೆ, ಕೂರಿಗೆಯ ಮೂರು ಕೊಳವೆಗಳಿಂದ ಮೂರು ಸಾಲು ಬಿದ್ದವು. ಅಗದಿ ಖುಷಿಯಾಯಿತು. ಎತ್ತು ತಿರುಗಿಸುವಷ್ಟರಲ್ಲಿ ಅವ್ವ ಓಡಿ ಬಂದಳು.

“ಹಗ್ಗ ಬಿಡಬೇ. ಯಾರರ ನೋಡಿದ್ರ ಏನಂದಾರು?”

“ನೋಡ್ಲಿ ಬೇ ಅವ್ವ. ಹಸಿ ಆರಾಕತ್ತೇತಿ, ಅದನ್ನ ಯಾರೂ ನೋಡೂದಿಲ್ಲ.”

“ಹೆಣ್ಣ ಕೂರಗಿ ಹೊಡದ್ರ ಊರಿಗೆ ಕೇಡಂತಾರ. ಮುಂದ ಮಳಿ ಹೋದ್ರ ನಿನ್ನ ತಲಿಗೇ ಕಟ್ಟತಾರ. ಗಂಡಸಿಲ್ಲದ ಮನಿ ನಮ್ದು. ನಿಮ್ಮ ಕಾಕಾನೂ ಕೈ ಬಿಟ್ರ ಯಾರದಾರ ನಮಗ?”

ಅವಳು ಹಗ್ಗಕ್ಕೆ ಕೈ ಹಾಕಿದಳು. ನನಗೆ ಸಿಟ್ಟು ಬಂತು, ಅಳುವೂ ಬಂತು. ಹಗ್ಗ ಬಿಟ್ಟೆ. ಅವ್ವ ತಾನೇ ಎತ್ತುಗಳನ್ನು ಕಾಕಾನ ಹೊಲಕ್ಕೆ ಹೊಡೆದುಕೊಂಡು ಹೋದಳು.

ವಾರದ ಮೇಲೆ ಕಾಕಾ ನಮ್ಮ ಹೊಲಕ್ಕೆ ಬಂದ. ಅವ್ವ ಬೆರಳಿನಿಂದ ಮಣ್ಣು ಕೆದರಿ ನೋಡಿದಳು. ಹಸಿ ಇರಲಿಲ್ಲ, ಆದರೂ ಕಾಳು ಬಿಡತೊಡಗಿದಳು.

ಹೊಲ ಬೋಳಾಗಿಯೇ ಉಳಿಯಿತು. ಅಲ್ಲೊಂದು ಇಲ್ಲೊಂದು ಸಸಿ, ಅವೂ ಬಾಡಿದವು. ಬದುವಿನ ಪಕ್ಕದ ಮೂರು ಸಾಲು ಮಾತ್ರ ದಟ್ಟವಾಗಿ ಬೆಳೆದು, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುತ್ತಿದ್ದವು. ಕಾಲೇಜಿನ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ.

ಒಂದು ದಿನ ಅವ್ವ ಆ ಸಾಲುಗಳ ನಡುವೆ ಕುಳಿತು ಗಿಡ ಸವರುತ್ತ ಅತ್ತಳು.

“ಎಷ್ಟ ಚಂದ ಬಿತ್ತಿಯಲ್ಲಬೇ,” ಎಂದಳು.

ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು ದಾರಿಯ ಕಡೆ ನೋಡಿದಳು.

“ಯಾರರ ಕೇಳಿದ್ರ, ಕಾಕಾ ಬಿತ್ತ್ಯಾನ ಅನ್ನು.”

ಕೇಳಿದವರಿಗೆಲ್ಲ ಹಾಗೇ ಹೇಳಿದೆ.