ಕೂಡಬ್ಯಾಡ್ರಿ ಅನ್ನಿಸಿಕೊಂಡ ಸೋಫಾ

ಮರಕ್ಕೆ ನೆನಪೆಲ್ಲಿಂದ ಬರಬೇಕು ಎಂದು ಹಿಂದೆ ಯಾರೋ ಕಿಸಕ್ಕನೆ ನಕ್ಕಿರಿ. ಕೇಳಿಸಿತು. ನಗುವವರು ಎದ್ದು ಹೋಗಬಹುದು, ಬಾಗಿಲು ತೆರೆದೇ ಇದೆ. ಕನ್ನಡಕ ಎಲ್ಲಿಟ್ಟೆ ಎಂದು ಮನೆಯೆಲ್ಲ ಹುಡುಕಿ ಕೊನೆಗೆ ಅದರ ಮೇಲೆಯೇ ಕೂತವರು ನೀವು. ಅದು ಮುರಿದ ಸದ್ದು ಮೊದಲು ಕೇಳಿದ್ದು ನಾನು. ನನ್ನ ನೆನಪಿಗೆ ನೀವು ಪರೀಕ್ಷೆ ಇಡುತ್ತೀರಾ? ಮುಖ ಬೇಕಾದರೆ ಮರೆತೇನು, ಕೂತ ಭಾರ ಮರೆಯುವುದಿಲ್ಲ. ತುದಿಯಲ್ಲಿ ಕೂತವನು ಏನೋ ಕೇಳಲು ಬಂದವನು. ಹಿಂದಕ್ಕೆ ಒರಗಿದವನು ಇಲ್ಲ ಎನ್ನಲು ತಯಾರಾದವನು. ಇಷ್ಟು ತಿಳಿಯಲು ನಿಮಗೆ ವಕೀಲಿ ಓದಬೇಕು. ನನಗೆ ಬೇಕಿಲ್ಲ.

ನಾನು ಒಂದು ಸೋಫಾ. ದಾಂಡೇಲಿಯ ಸಾಗವಾನಿ. ಹುಟ್ಟಿದ್ದು ಹುಬ್ಬಳ್ಳಿಯ ಮೌನೇಶಪ್ಪ ಬಡಿಗೇರರ ಅಂಗಡಿಯಲ್ಲಿ. ವಕೀಲ ಗುರುಸಿದ್ದಪ್ಪ ಹಲಗತ್ತಿಯವರು ಮುಂಬಯಿಯ ಒಂದು ಹೋಟೆಲಿನಲ್ಲಿ ನನ್ನಂಥದ್ದನ್ನು ಕಂಡು, ಸಿಗರೇಟ್ ಪ್ಯಾಕಿನ ಮೇಲೆ ಗೀಚಿಕೊಂಡು ಬಂದಿದ್ದರು. ಆಗ ನಮ್ಮೂರಿನಲ್ಲಿ ಸೋಫಾ ಎಂದರೆ ಆನೆ. ದಪ್ಪ ಕಾಲು, ಕೈಮೇಲೆ ಕೆತ್ತಿದ ನವಿಲು, ಹೊಟ್ಟೆತುಂಬ ಸ್ಪ್ರಿಂಗು. ನಾನೋ ಸಣಕಲು. ಬೆನ್ನಿಗೆ ಬೆತ್ತದ ಹೆಣಿಗೆ, ಕೂಡಲು ತೆಂಗಿನ ನಾರಿನ ಗಟ್ಟಿ ಗಾದಿ, ಎರಡು ಕಡೆ ಮರದ ಕೈ. ನಾಲ್ಕೂ ಕಾಲು ಕೆಳಗಿಳಿಯುತ್ತ ಸಪೂರವಾಗಿ ಹೊರಕ್ಕೆ ಚಾಚಿದ್ದವು.

ಎದುರು ಅಂಗಡಿಯ ಹುಸೇನಸಾಬರು ನನ್ನನ್ನು ಸುತ್ತು ಹಾಕಿ ನೋಡಿದರು. "ಏ ಮೌನೇಶಪ್ಪ, ಇದೇನೋ ಕುಸ್ತಿ ಹಿಡಿಯಾಕ ನಿಂತಂಗ ಕಾಲ ಅಗಲಿಸಿ ನಿಂತೈತಲ್ಲೋ! ಯಾರ ಜೋಡಿ ಬಿಡಾಂವ ಇದನ್ನ ಕಣಕ್ಕ?"

"ಕೂತ ನೋಡೋ ಮಾರಾಯ, ಗೊತ್ತಾಕ್ಕೈತಿ."

ಹುಸೇನಸಾಬರು ದೊಡ್ಡ ಆಳು. ಧೊಪ್ಪೆಂದು ಕೂತರು. ನಾನು ಕದಲಲಿಲ್ಲ. ಎರಡು ಸಲ ಕುಪ್ಪಳಿಸಿದರು. ಆಗಲೂ ಕದಲಲಿಲ್ಲ. "ಇದನ್ನ ಕೆಡವಾಕ ಆಗಂಗಿಲ್ಲ ಬಿಡ" ಎಂದು ಎದ್ದು ಹೋದರು. ನನ್ನ ತೊಟ್ಟಿಲ ಶಾಸ್ತ್ರ ಅಷ್ಟೇ.

ವಕೀಲರ ಪಡಸಾಲೆಯಲ್ಲಿ ನನ್ನ ಮೇಲೆ ಯಾರು ಕೂಡಬೇಕು ಎನ್ನುವುದಕ್ಕೆ ಒಂದು ರೀತಿ ಇತ್ತು. ಸಾಹೇಬರು ಕೂಡಬಹುದು, ಬೀಗರು ಕೂಡಬಹುದು. ಹಳ್ಳಿಯ ಕಕ್ಷಿದಾರರಿಗೆ ಜಮಖಾನೆ, ಮನೆಯ ಹೆಂಗಸರಿಗೆ ಬಾಗಿಲ ಸಂದಿ. ವಕೀಲರ ಮಗಳು ಕಸ್ತೂರಿ ನನ್ನನ್ನು ದಿನಾ ಒರೆಸುತ್ತಿದ್ದಳು, ಕೂಡುತ್ತಿರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಒರೆಸುವ ಕೈಗೆ ಕೂಡುವ ಹಕ್ಕಿಲ್ಲ ಎಂದರೆ ನಾನು ಪೀಠೋಪಕರಣವೋ ದೇವರ ಪೀಠವೋ?

ಒಂದು ದಿನ ಕಸ್ತೂರಿಯನ್ನು ನೋಡಲು ಗಂಡಿನ ಕಡೆಯವರು ಬಂದರು. ಗಂಡು, ಅವನ ತಾಯಿ ನನ್ನ ಮೇಲೆ ಕೂತರು. ಹೆಣ್ಣಿಗೆ ಎದುರಿನಲ್ಲಿ ಚಾಪೆ ಹಾಸಿತ್ತು. ಕಸ್ತೂರಿ ಚಹಾ ತಂದುಕೊಟ್ಟಳು. ಚಾಪೆಯನ್ನು ನೋಡಿದಳು, ದಾಟಿದಳು, ಬಂದು ನನ್ನ ಖಾಲಿ ತುದಿಯಲ್ಲಿ ಕೂತುಬಿಟ್ಟಳು. ತುದಿಯಲ್ಲೇನು, ಪೂರ್ತಿ ಹಿಂದಕ್ಕೆ ಸರಿದು ಕೂತಳು.

ವಕೀಲರ ಮುಖ ಕಪ್ಪಿಟ್ಟಿತು. "ಏಳವಾ. ಚಾಪಿ ಮ್ಯಾಲೆ ಕೂಡು."

"ಅಲ್ಲಿ ಕೂತ್ರ ಅವರ ಮೊಣಕಾಲಷ್ಟ ಕಾಣ್ತಾವ ಅಪ್ಪಾ. ಮಾರಿ ನೋಡಬ್ಯಾಡೇನು ನಾ?"

ಗಂಡಿನ ತಾಯಿ ಚಹಾದ ಬಸಿಯನ್ನು ಕೆಳಗಿಟ್ಟರು. "ಹುಡಿಗಿ ಭಾಳ ಶಾಣೇಕಿ ಅದಾಳ್ರಿ. ನಮಗ ಇಷ್ಟ ಶಾಣೇತನ ಬ್ಯಾಡ."

ಹೋದರು. ವಕೀಲರು ಮಗಳನ್ನು ಬೈಯಲಿಲ್ಲ, ನನ್ನನ್ನು ಬೈದರು. "ಈ ಸುಡಗಾಡ ಸೋಫಾ ತಂದಿದ್ದ ತಪ್ಪಾತು" ಎಂದರು. ಅನ್ನಲಿ. ಅಂದಿನಿಂದ ಕಸ್ತೂರಿ ನನ್ನ ಮೇಲೆ ಕೂತೇ ಓದಿದಳು. ಓದಿ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತದ ಟೀಚರ್ ಆದಳು. ಮುಂದೆ ತಾನೇ ಮಾತಾಡಿ ನೋಡಿದ ಒಬ್ಬ ಮಾಸ್ತರರನ್ನು ಮದುವೆಯಾಗಿ ಹೋದಳು.

ವಕೀಲರು ತೀರಿಕೊಂಡ ಮೇಲೆ ಹಿರಿಯ ಮಗ ನನ್ನನ್ನು ತನ್ನ ಗೊಬ್ಬರದ ಅಂಗಡಿಗೆ ಒಯ್ದ. ಮೈಗೆ ಕಂದು ರೆಕ್ಸಿನ್ ಹೊಡೆಸಿದ. ಬೇಸಿಗೆಯಲ್ಲಿ ಹಮಾಲರು ಬರಿಮೈಯಲ್ಲಿ ಕೂತರೆ ಏಳುವಾಗ ಬ್ಯಾಂಡೇಜು ಕಿತ್ತಂತೆ ಸದ್ದಾಗುತ್ತಿತ್ತು. ನನ್ನ ಮೂಲೆಯಲ್ಲಿ ಬೆಕ್ಕು ಮರಿ ಹಾಕಿತು. ಯೂರಿಯಾ ಚೀಲ ಹೇರಿದರು. ಅವಮಾನ ಎಂದು ಅಳುತ್ತೇನೆ ಅಂದುಕೊಂಡಿರಾ? ಆ ಹಮಾಲರಷ್ಟು ಹಾಯಾಗಿ ನನ್ನ ಮೇಲೆ ಯಾವ ಸಾಹೇಬನೂ ಮಲಗಿದ್ದಿಲ್ಲ. ಅಂಗಡಿ ಮುಚ್ಚಿ ಗುಜರಿಯವನು ನನ್ನ ಕಾಲು ಹಿಡಿದು ಎಳೆಯುವ ಹೊತ್ತಿಗೆ ಕಸ್ತೂರಿ ಟೆಂಪೋ ತಂದಳು.

"ಅಣ್ಣಾ, ಅಪ್ಪನ ಮನಿ ನೀನಽ ಇಟಗೊಂಡಿ, ಕೇಳಲಿಲ್ಲ. ಇದನ್ನ ಕೇಳತೀನಿ. ಕೊಡ."

ಕೊಟ್ಟ. ಎಷ್ಟೋ ವರ್ಷ ಅವಳ ಮನೆಯಲ್ಲಿದ್ದೆ. ಶಾಲೆಯ ಹುಡುಗಿಯರು, ನೆರೆಯವರು, ಹಾಲಿನವನು, ಎಲ್ಲರೂ ಕೂತರು.

ಈಗಿನ ಮಾತಿಗೆ ಬರುತ್ತೇನೆ. ಗಂಡ ಮಾಸ್ತರರು ತೀರಿಕೊಂಡ ಮೇಲೆ ಕಸ್ತೂರಿ ತನ್ನ ಮಗಳ ಮಗಳಾದ ಸೃಷ್ಟಿಯ ಹೊಸ ಫ್ಲ್ಯಾಟಿಗೆ ಬಂದಳು. ಜೊತೆಗೆ ನಾನು. ಕಸ್ತೂರಿಯ ಮೊಣಕಾಲು ಆಗಲೇ ಹಟ ಹಿಡಿದಿದ್ದವು. ಆದರೂ ನನ್ನ ಎರಡು ಮರದ ಕೈಗಳ ಮೇಲೆ ಅಂಗೈ ಊರಿ, ಒಮ್ಮೆ ಉಸಿರು ಬಿಗಿಹಿಡಿದು, ತಾನೇ ಏಳುತ್ತಿದ್ದಳು. ಯಾರನ್ನೂ ಕರೆಯುತ್ತಿರಲಿಲ್ಲ.

ಸೃಷ್ಟಿ ಮನೆ ಸಿಂಗರಿಸಲು ಬೆಂಗಳೂರಿನಿಂದ ರಿತಿಕಾ ಎಂಬವಳನ್ನು ಕರೆಸಿದಳು. ಆ ಹುಡುಗಿ ನನ್ನನ್ನು ಕಂಡವಳೇ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ಅಜ್ಜಿ, ಇದು ಪಕ್ಕಾ ಮಿಡ್ ಸೆಂಚುರಿ ಪೀಸು, ಐವತ್ತರ ದಶಕದ ಸ್ಟೈಲು!"

"ಅರ್ಧ ಸೆಂಚುರಿ ಯಾವಾಗಲೋ ದಾಟೇತವಾ" ಎಂದಳು ಕಸ್ತೂರಿ. "ಇನ್ನೂ ಔಟಾಗಿಲ್ಲ."

ರಿತಿಕಾ ನನ್ನ ರೆಕ್ಸಿನ್ ಸುಲಿಸಿದಳು, ಪಾಲಿಶ್ ಮಾಡಿಸಿದಳು. ಅದು ಅವಳ ಪುಣ್ಯ, ಇಲ್ಲ ಎನ್ನುವುದಿಲ್ಲ. ಆಮೇಲೆ ಶುರುವಾಯಿತು. ಸಾಸಿವೆ ಬಣ್ಣದ ದಿಂಬು ಇಟ್ಟು ಅದರ ನೆತ್ತಿಗೆ ಅಂಗೈಯಿಂದ ಏಟು ಹಾಕಿ ಕುಳಿ ಮಾಡಿದಳು. ನನ್ನ ತಲೆಯ ಮೇಲೆ ಬಾಗಿದ ದೀಪ ನಿಲ್ಲಿಸಿದಳು. ಗೋಡೆಯಿಂದ ಎಳೆದು ನಡುಮನೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ಇಟ್ಟಳು. ನಮ್ಮ ಕಡೆ ಬಂದವರಿಗೆ ಬೆನ್ನು ಮಾಡಿ ಕೂಡುವವನು ಜಗಳ ಆಡಿದವನು. ನಾನು ಯಾರ ಜೊತೆ ಆಡಿದ್ದೆ? ಕೊನೆಗೆ ನನ್ನ ಗಾದಿಯ ಮೇಲೆ ಯಾರೂ ಓದದ ದಪ್ಪ ಪುಸ್ತಕ ಪೇರಿಸಿ ಅಂದಳು, "ಇದು ನೋಡೋಕೆ ಮಾತ್ರ. ಕೂತ್ಕೊಳ್ಳೋಕೆ ಅದಿದೆಯಲ್ಲ."

ಅದು ಎಂದರೆ ಗೋಡೆಯ ಪಕ್ಕದ ಬೂದು ಬಣ್ಣದ ಹೊಸ ಸೋಫಾ. ಮೂಲೆಗೆ ತಿರುಗಿದ ಆಕಾರ, ಮೋಡದಂಥ ಗಾದಿ. ಕೈಯಿಲ್ಲ, ಗಟ್ಟಿ ಎನ್ನುವುದು ಎಲ್ಲೂ ಇಲ್ಲ.

"ಅಮ್ಮಾ, ಇದರ ಮ್ಯಾಲೆ ಕೂಡಬ್ಯಾಡ, ಬೆತ್ತ ಹರೀತೈತಿ" ಎಂದಳು ಸೃಷ್ಟಿ. ಅಜ್ಜಿಯನ್ನು ಅವಳು ಅಮ್ಮಾ ಎಂದೇ ಕರೆಯುತ್ತಿದ್ದಳು.

ಕಸ್ತೂರಿ ಬೂದು ಸೋಫಾದಲ್ಲಿ ಕೂತಳು. ಮುಳುಗಿದಳು. ಏಳಲು ಊರಿದಲ್ಲೆಲ್ಲ ಕೈ ಒಳಗೇ ಹೋಯಿತು. "ಸೃಷ್ಟಿ, ಒಂದ್ಚೂರ ಎಬ್ಬಸವಾ" ಎಂದು ಕೂಗಬೇಕಾಯಿತು. ಸೃಷ್ಟಿ ಫೋನಿನಲ್ಲಿದ್ದರೆ ಕಾಯಬೇಕು. ಕೆಲವು ದಿನಗಳಲ್ಲಿ ಕಸ್ತೂರಿ "ನೀರ ಬ್ಯಾಡ, ಚಹಾ ಬ್ಯಾಡ" ಎನ್ನತೊಡಗಿದಳು. ಹೊಟ್ಟೆ ಸರಿಯಿಲ್ಲವೇನೋ ಎಂದುಕೊಂಡಳು ಸೃಷ್ಟಿ. ನನಗೆ ಗೊತ್ತಾಯಿತು. ಕುಡಿದರೆ ಬಚ್ಚಲಿಗೆ ಹೋಗಬೇಕು, ಹೋಗಲು ಏಳಬೇಕು, ಏಳಲು ಕೇಳಬೇಕು. ಜನ್ಮವಿಡೀ ಯಾರ ಅಪ್ಪಣೆಯನ್ನೂ ಕೇಳದ ಹೆಂಗಸು! ನನ್ನ ಬೆತ್ತವೆಲ್ಲ ಹರಿದುಹೋಗಲಿ, ಈ ಪುಸ್ತಕ ಒಂದು ಇಳಿಯಲಿ ಎಂದು ನಾನು ಕಿರ್ರೆಂದೆ. ಮರ ಹಿಗ್ಗಿದೆ ಎಂದಳು ರಿತಿಕಾ.

ಪತ್ರಿಕೆಯೊಂದಕ್ಕೆ ಕಳಿಸಲು ರಿತಿಕಾ ಮನೆಯ ಫೋಟೋ ತೆಗೆಯುವ ದಿನವೇ ಸೃಷ್ಟಿಯ ಅತ್ತೆ ಶಿವಗಂಗಮ್ಮ ಗದಗದಿಂದ ಬಂದಿಳಿದರು. ಒಳಗೆ ಬಂದವರು ಬೂದು ಸೋಫಾದಲ್ಲಿದ್ದ ಕಸ್ತೂರಿಯ ಎದುರು ನಿಂತರು. ಬೀಗತಿ ಬಂದರೆ ಎದ್ದು ಬರಮಾಡಿಕೊಳ್ಳಬೇಕು. ಕಸ್ತೂರಿ ಏಳಲಿಲ್ಲ. ಒಮ್ಮೆ ತೋಳು ಅಲುಗಿತು, ಅಷ್ಟೇ.

"ಯಾಕ್ರಿ ಬೀಗತ್ಯಾರ, ನಾವು ಬಂದ್ರ ಏಳಾಕೂ ಬ್ಯಾಸರ ಆತೇನು?"

ಆಗುತ್ತಿಲ್ಲ ಎನ್ನುವ ಮಾತು ಕಸ್ತೂರಿಯ ಬಾಯಿಂದ ಬರುವುದೇ? "ಏಳಂಗಿಲ್ಲ. ಏನ ಮಾಡ್ತೀರಿ?"

"ಹಂಗಾರ ನಾನೂ ಕೂಡ್ತೀನಿ!" ಎಂದು ಶಿವಗಂಗಮ್ಮ ಸೆರಗು ಸಿಕ್ಕಿಸಿ ಪಕ್ಕದಲ್ಲೇ ಕೂತರು. ಕೂತರು ಎಂದರೆ ಒಳಗೇ ಹೋದರು. ಕಾಲು ಮೇಲೆ ಬಂದವು. ಸ್ವಲ್ಪ ಹೊತ್ತು ಈಜಿದರು. ಆಮೇಲೆ ಕಸ್ತೂರಿಯನ್ನು ತಿರುಗಿ ನೋಡಿದರು.

"ಯವ್ವಾ! ನೀವು ಸೊಕ್ಕಿಲೆ ಕೂತೀರಿ ಅಂತ ತಿಳದಿದ್ದೆ. ನೀವು ಕೂತಿಲ್ಲ ಬಿಡ್ರಿ, ಹೂತ ಹೋಗೀರಿ!"

ಇಬ್ಬರೂ ನಕ್ಕು ನಕ್ಕು ಇನ್ನಷ್ಟು ಆಳಕ್ಕಿಳಿದರು. ಸೃಷ್ಟಿ ಓಡಿ ಬಂದು ಒಬ್ಬೊಬ್ಬರನ್ನೇ ಎಳೆದಳು. ಎದ್ದ ಕಸ್ತೂರಿ ನೇರ ನನ್ನ ಹತ್ತಿರ ನಡೆದು, ಪುಸ್ತಕಗಳನ್ನೆತ್ತಿ ರಿತಿಕಾಳ ಕೈಯಲ್ಲಿಟ್ಟು ಕೂತಳು.

"ಅಜ್ಜಿ, ನೀವು ಫೋಟೋದಲ್ಲಿ ಬಂದ್ಬಿಡ್ತೀರಿ" ಎಂದಳು ರಿತಿಕಾ.

"ಬರಲಿ."

"ಅಮ್ಮಾ, ಫೋಟೋ ಆಗೂ ತನಕ ಆ ಕಡೆ..." ಎಂದಳು ಸೃಷ್ಟಿ.

"ಆಮ್ಯಾಲೆ ಮತ್ತ ಆ ಕೆಸರಿನಾಗ ಕೂಡಸ್ತಿ. ನಾ ನೀರ ಯಾಕ ಬಿಟ್ಟೀನಿ ಗೊತ್ತೈತೇನ ನಿನಗ? ಏಳಾಕ ನಿನ್ನ ಕೂಗಬೇಕಲ್ಲ ಅಂತ ಬಿಟ್ಟೀನಿ."

ಸೃಷ್ಟಿ ಒಳಗೆ ಹೋಗಿ ತಂಬಿಗೆಯ ತುಂಬ ನೀರು ತಂದಳು. ಕಸ್ತೂರಿ ಗಟಗಟನೆ ಪೂರ್ತಿ ಕುಡಿದಳು. ತಂಬಿಗೆ ಕೆಳಗಿಟ್ಟು ನನ್ನ ಕೈಗಳ ಮೇಲೆ ಅಂಗೈ ಊರಿದಳು. ಸೃಷ್ಟಿ ಹಿಡಿಯಲು ಮುಂದೆ ಬಂದಳು.

"ಮುಟ್ಟಬ್ಯಾಡ."

ತಾನೇ ಎದ್ದಳು. ತಾನೇ ಬಚ್ಚಲಿಗೆ ನಡೆದಳು. ಅವಳು ಬರುವಷ್ಟರಲ್ಲಿ ಸೃಷ್ಟಿ ನನ್ನ ಒಂದು ತುದಿ ಹಿಡಿದಿದ್ದಳು. "ರಿತಿಕಾ, ಆ ಕಡೆ ನೀವು ಹಿಡೀರಿ. ಬಾಗಲದ ಕಡೆ ಮಾರಿ ಮಾಡೂಣು." ಆ ಹುಡುಗಿ ಪುಸ್ತಕ ನೆಲಕ್ಕಿಟ್ಟು ಹಿಡಿದಳು. ಬೂದು ಸೋಫಾ ಟಿವಿ ಕೋಣೆಗೆ ಹೋಯಿತು. ಫೋಟೋ ಎಲ್ಲಾದರೂ ಅಚ್ಚಾಯಿತೋ ಇಲ್ಲವೋ ನಾನು ವಿಚಾರಿಸಲಿಲ್ಲ.

ಈಗ ನನ್ನ ಗಾದಿಯ ಬಲಭಾಗ ತಗ್ಗಾಗಿದೆ, ಅದು ಕಸ್ತೂರಿಯ ಜಾಗ. ಬೆತ್ತ ಎರಡು ಕಡೆ ಹರಿದಿದೆ. ಹೊಸ ಪಾಲಿಶ್ ಅವಳ ಅಂಗೈ ಬೀಳುವಲ್ಲಿ ಮಾತ್ರ ಸವೆದು ಮರ ಬಿಳಿಚಿದೆ. ಹಾಳಾಯಿತು ಎನ್ನುವವರು ಅನ್ನಲಿ. ಸವೆಯಲೆಂದೇ ನನ್ನನ್ನು ಕಡಿದು ತಂದದ್ದು. ಸವೆಯದೆ ಉಳಿಯಬೇಕಿದ್ದರೆ ದಾಂಡೇಲಿಯಲ್ಲೇ ನಿಂತಿರುತ್ತಿದ್ದೆ.

ಈ ಕತೆಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಯಾವ ಮನೆಯಲ್ಲಿ ಸೋಫಾದ ಮೇಲೆ ಪುಸ್ತಕ ಕೂತು ಮನುಷ್ಯರು ನಿಂತಿದ್ದಾರೋ ಆ ಮನೆಗೆ ಹೋಗಿ ಹೇಳಿ. ಗಟ್ಟಿಯಾಗಿ ಹೇಳಿ. ಪುಸ್ತಕ ಪಕ್ಕಕ್ಕಿಟ್ಟು, ಕೂತು ಹೇಳಿ.