ಪೇಂಟರಣ್ಣ ಉಲ್ಟಾ ಓದಿದ ಎಕ್ಸ್-ರೇ

ಊರಿಗೆಲ್ಲ ಬೋರ್ಡು ಬರೆದುಕೊಡುವ ಪೇಂಟರಣ್ಣನಿಗೆ ಮೂರು ವಾರದಿಂದ ಕೆಮ್ಮು. ಸಂಜೆಯಾದರೆ ಮೈ ಬಿಸಿ. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಕೇಳಿದವರ ಮುಂದೆಲ್ಲ ಅವನು ಬಣ್ಣದ ವಾಸನೆಯ ಮೇಲೆ ಗೂಬೆ ಕೂರಿಸುತ್ತಿದ್ದ. ಆಸ್ಪತ್ರೆ ಎಂದರೆ ಸಾಕು, ಎಲ್ಲಿಲ್ಲದ ಕೆಲಸ ನೆನಪಾಗುತ್ತಿತ್ತು. ಹೆಂಡತಿಗೆ ಅವನೊಬ್ಬನದೇ ಚಿಂತೆಯಲ್ಲ. ನಾಲ್ಕು ವರ್ಷದ ಮಗಳು ಅಪ್ಪನ ಎದೆಗೆ ಅಂಟಿಕೊಂಡೇ ಮಲಗುವವಳು.

ಕೊನೆಗೆ ಅವಳು ತನ್ನ ತಂಗಿಯನ್ನು ಕರೆಸಿದಳು. ತಂಗಿ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವಳು, ಭಾವನ ನೆಪಗಳಿಗೆ ಸೊಪ್ಪು ಹಾಕುವವಳಲ್ಲ. ಮರುದಿನ ಬೆಳಿಗ್ಗೆಯೇ ಅವನನ್ನು ಯಂತ್ರದ ಮುಂದೆ ನಿಲ್ಲಿಸಿ, ಉಸಿರು ಎಳೆದು ಹಿಡಿಯಲು ಹೇಳಿದಳು.

ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದಾಗ ಪೇಂಟರಣ್ಣ ಮುಖ ಹತ್ತಿರ ತಂದು ನೋಡಿದ. ಎರಡೂ ಶ್ವಾಸಕೋಶ ಕಪ್ಪೋ ಕಪ್ಪು. ಎಲ್ಲ ಸುಟ್ಟುಹೋಗಿದೆ ಎಂದುಕೊಂಡ. ಬಲಗಡೆ ಮೇಲ್ಭಾಗದಲ್ಲಿ ಒಂದಿಷ್ಟು ಬಿಳಿ ಕಂಡಿತು. ಸದ್ಯ, ಅಷ್ಟಾದರೂ ಉಳಿದಿದೆಯಲ್ಲ ಎಂದು ಸಮಾಧಾನಪಟ್ಟ.

"ಉಲ್ಟಾ ಓದ್ತಿದೀರಿ ಭಾವ," ಎಂದಳು ನಾದಿನಿ. "ಇಲ್ಲಿ ಕಪ್ಪು ಅಂದ್ರೆ ಗಾಳಿ. ಶ್ವಾಸಕೋಶದ ತುಂಬ ಗಾಳಿ ಇರ್ಬೇಕಲ್ವಾ, ಅದಕ್ಕೇ ಕಪ್ಪು. ಮೂಳೆ, ಹೃದಯ ಬಿಳಿ. ಗಾಳಿ ಇರೋ ಜಾಗದಲ್ಲಿ ಬಿಳಿ ಕಂಡ್ರೇನೇ ನಾವು ನಿಂತು ನೋಡೋದು."

ಕೆಳಮೂಲೆ ಬೆಳ್ಳಗೆ ತುಂಬಿಕೊಂಡಿದ್ದರೆ ನೀರು ಸೇರಿರಬಹುದು, ಒಂದು ಕಡೆ ಮೋಡದಂತೆ ಕವಿದಿದ್ದರೆ ನ್ಯುಮೋನಿಯಾ ಆಗಿರಬಹುದು, ಮೇಲ್ಭಾಗದ ಬಿಳಿ ಕ್ಷಯದ್ದಾಗಿರಬಹುದು ಇಲ್ಲವೇ ಹಳೆ ಕಲೆಯೂ ಆಗಿರಬಹುದು ಎಂದು ಅವಳು ವಿವರಿಸಿದಳು. ಫಿಲ್ಮ್ ಒಂದನ್ನೇ ನೋಡಿ ಯಾರೂ ತೀರ್ಮಾನ ಮಾಡುವಂತಿಲ್ಲ ಎಂದೂ ಸೇರಿಸಿದಳು.

ಡಾಕ್ಟರು ಹಳೆಯ ಎಕ್ಸ್-ರೇ ಇದೆಯೇ ಎಂದು ಕೇಳಿದರು. ಪೇಂಟರಣ್ಣ ತಲೆ ಕೆರೆದುಕೊಂಡ. ಮೂರು ವರ್ಷದ ಹಿಂದೆ ಏಣಿಯಿಂದ ಬಿದ್ದಾಗ ಪಕ್ಕೆಲುಬು ನೋಡಲೆಂದು ಎದೆಯದನ್ನು ತೆಗೆಸಿದ್ದಿತ್ತು. ಗಟ್ಟಿ ಹಾಳೆಯೆಂದು ಅದನ್ನು ಕೊರೆದು ಅಕ್ಷರದ ಅಚ್ಚು ಮಾಡಿಕೊಂಡಿದ್ದ. ಜೊತೆಗೆ ಬಂದಿದ್ದ ಹೆಂಡತಿ ಅವನ ಅಂಗಡಿಗೆ ಓಡಿಹೋಗಿ ಅದನ್ನೇ ತಂದಳು. ದೀಪಕ್ಕೆ ಹಿಡಿದರೆ ಹೊಟ್ಟೆಯ ಮೇಲೆ 'ಬಾಡಿಗೆಗೆ ಇದೆ' ಎಂದು ಬೆಳಗಿತು. ಡಾಕ್ಟರಿಗೂ ನಗು ತಡೆಯಲಾಗಲಿಲ್ಲ.

ಪುಣ್ಯಕ್ಕೆ ಮೇಲ್ಭಾಗಕ್ಕೆ ಕತ್ತರಿ ಬಿದ್ದಿರಲಿಲ್ಲ. ಅಲ್ಲಿ ಪೂರಾ ಕಪ್ಪು, ಒಂದು ಚುಕ್ಕೆಯೂ ಇಲ್ಲ. ಅಂದರೆ ಈಗಿನ ಬಿಳಿ ಹೊಸದು. ಎಲ್ಲರ ನಗು ನಿಂತಿತು. ಅವತ್ತೇ ಕಫ ಪರೀಕ್ಷೆಗೆ ಕೊಟ್ಟರು. ಕ್ಷಯವೆಂದು ಖಚಿತವಾಯಿತು. ಮನೆಯವರನ್ನೆಲ್ಲ ಪರೀಕ್ಷಿಸಿದರು. ಮಗಳಿಗೆ ಏನೂ ಆಗಿರಲಿಲ್ಲ. ಮುಂದೆಯೂ ಬಾರದಿರಲೆಂದು ಅವಳಿಗೂ ಮಾತ್ರೆ ಕೊಟ್ಟರು.

ಎರಡೇ ತಿಂಗಳಿಗೆ ಕೆಮ್ಮು ನಿಂತಿತು. ಮಾತ್ರೆ ಸಾಕು ಎಂದು ಪೇಂಟರಣ್ಣ ರಾಗ ಎಳೆದ. ಹೆಂಡತಿ ಬಿಡಲಿಲ್ಲ, ಆರು ತಿಂಗಳೂ ಎದುರಿಗೆ ನಿಂತು ನುಂಗಿಸಿದಳು. ಕೊನೆಯ ಫಿಲ್ಮಿನಲ್ಲಿ ಬಿಳಿ ಹೋಗಿ, ಎಳೆಯಷ್ಟು ಕಲೆ ಮಾತ್ರ ಉಳಿದಿತ್ತು.

ಪೇಂಟರಣ್ಣ ನಾದಿನಿಯ ಕಡೆ ತಿರುಗಿದ. "ಅವತ್ತು ನೀನು ಎಳ್ಕೊಂಡು ಬರ್ದೆ ಇದ್ದಿದ್ರೆ, ನನ್ನ ಮಗೂನ ಎದೆಗೆ ಒರಗಿಸ್ಕೊಳ್ಳೋಕೆ ನಾನಿರ್ತಿರ್ಲಿಲ್ಲ ಕಣಮ್ಮ. ನಿನ್ನ ಋಣ ದೊಡ್ದು," ಎಂದ.

ನಾದಿನಿ ಕಣ್ಣೊರೆಸಿಕೊಂಡು, ಈ ಫಿಲ್ಮಿಗೆ ಮಾತ್ರ ಕತ್ತರಿ ಹಾಕಬೇಡಿ ಎಂದಳು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಕೆಮ್ಮು ಎರಡು ವಾರ ದಾಟಿದರೆ ನೆಪ ಹುಡುಕಬೇಡಿ, ಆಸ್ಪತ್ರೆಗೆ ಹೋಗಿ. ಗರ್ಭಿಣಿಯಾಗಿದ್ದರೆ ಎಕ್ಸ್-ರೇಗೆ ಮೊದಲೇ ತಿಳಿಸಿ. ಹಳೆಯ ಫಿಲ್ಮು ಬೀರುವಿನಲ್ಲಿದ್ದರೆ ಮಡಚದೆ ಜೊತೆಗೆ ಒಯ್ಯಿರಿ. ಶುರುಮಾಡಿದ ಮಾತ್ರೆ ಡಾಕ್ಟರು ಹೇಳುವವರೆಗೂ ಬಿಡಬೇಡಿ. ನಿಮ್ಮ ಉಸಿರನ್ನು ನಂಬಿಕೊಂಡು ಮನೆಯಲ್ಲಿ ಯಾರೋ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಾರೆ.