ಸೈರನ್ ಮಾಮನ ಕೆಂಪು ಗುಂಡಿ

ಅಣೆಕಟ್ಟು ನೋಡಲು ಬಂದವರಿಗೆ ವಿವರಣೆ ಕೊಡುವವನಿಗೆ ಎಲ್ಲರೂ ಇಟ್ಟ ಹೆಸರು ಸೈರನ್ ಮಾಮ. ಹೆಸರೇನು ಸುಮ್ಮನೆ ಬಂದದ್ದಲ್ಲ. ಟರ್ಬೈನ್ ತಿರುಗಿ ಕರೆಂಟು ಹೇಗೆ ಹುಟ್ಟುತ್ತದೆ, ಕಣಿವೆಯ ಕಾಡು ಕಡಿದರೆ ಜಲಾಶಯದಲ್ಲಿ ಹೂಳು ಹೇಗೆ ತುಂಬುತ್ತದೆ ಎಂದು ಅವನು ಗಂಟಲು ಹರಿದುಕೊಂಡರೂ ಜನ ಆಕಳಿಸುತ್ತಿದ್ದರು. ಕೊನೆಗೆ ಗೋಡೆಯ ಕೆಂಪು ಗುಂಡಿ ಒತ್ತಿ ಗೇಟಿನ ಸೈರನ್ ಒಮ್ಮೆ ಕೂಗಿಸಿದರೆ, ಆಹಾ, ಚಪ್ಪಾಳೆಯೋ ಚಪ್ಪಾಳೆ! "ನೀರು ಬಿಡೋ ಮುಂಚೆ ಇದು ಮೂರು ಸಲ ಕೂಗುತ್ತೆ. ಹೊಳೇಲಿರೋರು ತಕ್ಷಣ ಮೇಲೆ ಹತ್ತಬೇಕು" ಎಂದು ಎದೆಯುಬ್ಬಿಸಿ ಹೇಳುತ್ತಿದ್ದ. ದಿನಕ್ಕೆ ಐದಾರು ಸಲ ಇದೇ ಆಟ.

ಒಂದು ಮಧ್ಯಾಹ್ನ ಅವನ ಅಕ್ಕ ಒಂದೇ ಚಪ್ಪಲಿಯಲ್ಲಿ ಒಳಗೆ ನುಗ್ಗಿದಳು. ಸೊಂಟದವರೆಗೆ ಒದ್ದೆ. ಅಣೆಕಟ್ಟಿನ ಕೆಳಗಿನ ಬಂಡೆಯ ಮೇಲೆ ಆಸ್ಪತ್ರೆಯ ಬಟ್ಟೆ ಒಗೆಯುವವಳು ಅವಳು. ತಾಯಿ ಹೋದ ಮೇಲೆ ಇವನನ್ನು ಸಾಕಿದವಳೂ ಅವಳೇ.

"ಲೋ, ನೀರು ಬಿಡ್ತಾರೆ ಅಂತ ಒಂದು ಮಾತು ಹೇಳ್ಬಾರ್ದಾ? ಎರಡು ದುಪ್ಪಟಿ, ಒಂದು ಚಪ್ಪಲಿ ಹೊಳೆ ಪಾಲು!"

"ಸೈರನ್ ಕೂಗಿತಲ್ಲಕ್ಕಾ, ಮೂರು ಸಲ!"

"ಕೂಗಿತು. ನಮ್ಮ ತಮ್ಮ ಆಟ ತೋರಿಸ್ತಿದ್ದಾನೆ, ಕೂತ್ಕೊಳ್ರೇ ಅಂತ ಎಲ್ಲರಿಗೂ ನಾನೇ ಹೇಳ್ದೆ. ಬಟ್ಟೆ ಒಗೆಯುವಾಗ ಒಂದೋ ಮೂರೋ ಯಾರಪ್ಪ ಎಣಿಸ್ತಾರೆ?"

ಮಾಮ ಗೋಡೆಯ ಕೆಂಪು ಗುಂಡಿಯತ್ತ ತಿರುಗಿ ನೋಡಿದ. ಅಯ್ಯೋ, ಇಷ್ಟು ವರ್ಷ ತಾನು ಹೊಳೆಯವರಿಗೆ ಕಲಿಸಿದ್ದು ಸೈರನ್ ಕೂಗಿದರೂ ಕೂತಿರುವುದನ್ನೇ!

ಗುಂಡಿ ತೆಗೆಸಿ ಎಂದು ನೇರ ಎಂಜಿನಿಯರ್ ಹತ್ತಿರ ಹೋದ. "ಜನ ಬರೋದೇ ಅದಕ್ಕೆ ಮಾರಾಯ. ನಿನ್ನ ಹೂಳಿನ ಕಥೆ ಯಾರಿಗೆ ಬೇಕು?" ಎಂದರು ಅವರು. ಮಾತು ಚುಚ್ಚಿತು, ಸುಳ್ಳೂ ಆಗಿರಲಿಲ್ಲ.

"ಯಾರೂ ಬರದಿದ್ರೂ ಪರವಾಗಿಲ್ಲ ಸಾರ್. ಇವತ್ತು ಹೋಗಿದ್ದು ಬರೀ ಚಪ್ಪಲಿ."

ಎಂಜಿನಿಯರ್ ಗುಂಡಿಯ ತಂತಿ ಕೀಳಿಸಿದರು. ಸಂಜೆ ಮಾಮ ದಡದುದ್ದಕ್ಕೂ ನಡೆದು, "ಇನ್ಮೇಲೆ ಕೂಗಿದ್ರೆ ನಿಜ" ಎಂದು ಒಬ್ಬೊಬ್ಬರಿಗೂ ಹೇಳಿದ. ಅವರು ನಕ್ಕರು. ಅಕ್ಕನೂ "ನೋಡೋಣ ಬಿಡೋ" ಎಂದಳು. ಅವಳ ಆ ಮಾತು ಅವನ ನಿದ್ದೆ ಕೆಡಿಸಿತು.

ಹನ್ನೊಂದನೆಯ ದಿನ ಹೂಳಿನ ವಿವರಣೆ ಅರ್ಧದಲ್ಲಿದ್ದಾಗ ಸೈರನ್ ಕೂಗಿತು. ನೋಡಲು ಬಂದವರು ಚಪ್ಪಾಳೆ ತಟ್ಟಿದರು.

"ತಟ್ಟಬೇಡಿ! ಇದು ನಿಜ!" ಎನ್ನುತ್ತ ಮಾಮ ಕಿಟಕಿಗೆ ಓಡಿದ. ಕೆಳಗೆ ಏಳು ಜನ ಹೆಂಗಸರು. ಎರಡನೆಯ ಕೂಗಿಗೆ ಆರು ಜನ ಮೆಟ್ಟಿಲು ಹತ್ತಿದ್ದರು. ಏಳನೆಯವಳು ಬಂಡೆಯ ಮೇಲೆ ಬಗ್ಗಿ ದುಪ್ಪಟಿ ಬಾಚಿಕೊಳ್ಳುತ್ತಿದ್ದಳು.

"ಬಿಟ್ಟು ಬಾರೇ ಅಕ್ಕಾ! ಸುಡುಗಾಡು ಬಟ್ಟೆ, ಬಿಟ್ಟು ಬಾರೇ!" ಗಾಜಿನೊಳಗಿಂದ ಅವನ ಕೂಗು ಅವಳಿಗೆಲ್ಲಿ ಕೇಳಬೇಕು?

ಮೂರನೆಯ ಸಲ ಸೈರನ್ ಕೂಗಿತು. ಅಕ್ಕ ತಲೆಯೆತ್ತಿದಳು, ಗಂಟು ಎಸೆದಳು, ಸೀರೆ ಎತ್ತಿಕಟ್ಟಿ ಹತ್ತಿದಳು. ಅವಳು ಕೊನೆಯ ಮೆಟ್ಟಿಲು ತಲುಪುವಾಗ ಬಂಡೆ ನೀರಿನಡಿ ಇತ್ತು. ಅಲ್ಲಿ ನಿಂತು ಕಿಟಕಿಯತ್ತ ತಿರುಗಿ ಕೈ ಬೀಸಿ ಬೀಸಿ ಏನೋ ಕಿರುಚತೊಡಗಿದಳು.

"ಯಾರವರು? ಏನಂತಿದ್ದಾರೆ?" ಎಂದು ಯಾರೋ ಕೇಳಿದರು.

"ನಮ್ಮಕ್ಕ. ನನ್ನ ಬೈತಿದ್ದಾಳೆ" ಎಂದು ಮಾಮ ಕಣ್ಣೊರೆಸಿಕೊಂಡ. "ಬೈಲಿ ಬಿಡಿ. ಎಷ್ಟು ಬೇಕಾದ್ರೂ ಬೈಲಿ."